ಮುಖ ಗೊತ್ತಿಲ್ಲದ ಕವಿಗೆ ಪ್ರತಿಮೆ ಮಾಡೋದು ಹೇಗೆ?

ಕಡೂರಿನಲ್ಲಿ ಚಿಕ್ಕಮಗಳೂರು ಬಸ್ ಹತ್ತಿದರೆ ನಡುವೆ ಸಿಗುವ ಪೇಟೆ ಸಖರಾಯಪಟ್ಟಣ. ಬರೆಯುವಾಗ ಮಾತ್ರ ಸಖರಾಯಪಟ್ಟಣ, ಬಾಯಲ್ಲಿ ಎಲ್ಲರಿಗೂ ಸಕ್ರೆಪಟ್ಣ. ಬೈಕ್ ಟ್ರಿಪ್ ಹೋಗುವ ನಮ್ಮಂಥವರಿಗೆ ಈ ಊರು ಅಯ್ಯನಕೆರೆಗೆ ತಿರುಗುವ ಜಾಗ, ಅಷ್ಟೇ. ಶಕುನಗಿರಿಯ ಬುಡದಲ್ಲಿ ಆ ಕೆರೆ, ಅದರ ಹಿಂದೆ ಬಾಬಾಬುಡನ್‌ಗಿರಿಯ ಸಾಲು. ಫೋಟೋ ಚೆನ್ನಾಗಿ ಬರುತ್ತೆ. ಕೆರೆಯಿಂದ ಹೊರಡುವ ವೇದಾ ಹೊಳೆ, ಮದಗದ ಕೆರೆ ಕಡೆಯಿಂದ ಬರುವ ಆವತಿಯನ್ನು ಕೂಡಿಕೊಂಡು ವೇದಾವತಿ ಆಗುತ್ತೆ, ಮುಂದೆ ಹೋಗಿ ವಾಣಿವಿಲಾಸ ಸಾಗರ ತುಂಬುತ್ತೆ. ಸಿವಿಲ್ ಬ್ರಾಂಚಿನವರು ಇಷ್ಟು ತಿಳಿದುಕೊಂಡರೆ ಟ್ರಿಪ್ಪಿಗೆ 'ಇಂಡಸ್ಟ್ರಿಯಲ್ ವಿಸಿಟ್' ಅಂತ ಹೆಸರಿಡಬಹುದು.

ಆದರೆ ಈ ಸೀಮೆಯಲ್ಲಿ ಇನ್ನೊಂದು ಊರಿದೆ, ದೇವನೂರು. ಕಡೂರು ತಾಲ್ಲೂಕಿನದೇ. ಗೂಗಲ್ ಮಾಡಿದರೆ ಮೊದಲು ದೇವನೂರ ಮಹಾದೇವ ಅವರು ಬರುತ್ತಾರೆ. ಅವರ ದೇವನೂರು ನಂಜನಗೂಡು ತಾಲ್ಲೂಕಿನದು, ಮೈಸೂರು ಕಡೆ. ನಾವು ಹೇಳುತ್ತಿರುವುದು ಲಕ್ಷ್ಮೀಕಾಂತ ದೇವಸ್ಥಾನ ಇರುವ ದೇವನೂರು. ಆ ದೇವರ ಹೆಸರನ್ನೇ ಹೊತ್ತ ಒಬ್ಬ ಕವಿ ಅಲ್ಲಿದ್ದ. ಲಕ್ಷ್ಮೀಶ. ಬರೆದದ್ದು ಒಂದೇ ಪುಸ್ತಕ ಅಂತ ಹೇಳಬಹುದು, 'ಜೈಮಿನಿ ಭಾರತ'. ಸ್ಟೇಟ್ ಸಿಲಬಸ್‌ನಲ್ಲಿ ಕನ್ನಡ ಪ್ರಥಮ ಭಾಷೆ ತಗೊಂಡಿದ್ದವರಿಗೆ ಹತ್ತನೇ ಕ್ಲಾಸಿನ 'ವೀರಲವ' ಪದ್ಯ ನೆನಪಿರಬೇಕು. ವಾಲ್ಮೀಕಿ ಊರಲ್ಲಿಲ್ಲದಾಗ ತೋಟಕ್ಕೆ ನುಗ್ಗಿದ ಯಜ್ಞದ ಕುದುರೆಯನ್ನು ಪುಟ್ಟ ಲವ ತನ್ನ ಉತ್ತರೀಯದಿಂದ ಬಾಳೆಗಿಡಕ್ಕೆ ಕಟ್ಟಿಹಾಕುತ್ತಾನಲ್ಲ, ಜೊತೆಗಿದ್ದ ಮುನಿಮಕ್ಕಳು ಹೆದರಿ ಬೇಡ ಬೇಡ ಅಂತಾರಲ್ಲ, ಅದೇ. ನಾಲ್ಕು ಮಾರ್ಕಿನ ಕಂಠಪಾಠ ಮುಗಿಸಿ ಮರೆತುಬಿಟ್ಟ ಆ ಕವಿಯ ಜೀವನ ಇದು.

ಜೀವನ ಅಂತ ದೊಡ್ಡದಾಗಿ ಹೇಳಿದೆವು. ಬರೆಯೋಕೆ ಕೂತಾಗ ಕೈಯಲ್ಲಿ ಎಷ್ಟು ಡೇಟಾ ಇದೆ ನೋಡಿದರೆ ಒಂದು ಪೋಸ್ಟ್‌ಕಾರ್ಡಿಗೂ ಸಾಲಲ್ಲ. ತಂದೆಯ ಹೆಸರು ಅಣ್ಣಮಾಂಕ, ಗೋತ್ರ ಭಾರದ್ವಾಜ, ಆರಾಧ್ಯ ದೈವ ದೇವಪುರದ ಲಕ್ಷ್ಮೀರಮಣ. ಇಷ್ಟನ್ನು ಕಾವ್ಯದಲ್ಲೇ ಹೇಳಿಕೊಂಡಿದ್ದಾನೆ. ತಾಯಿ ಯಾರು, ಹೆಂಡತಿ ಇದ್ದಳೇ, ಮಕ್ಕಳೆಷ್ಟು, ಎಲ್ಲಿ ಓದಿದ, ಎಷ್ಟು ವರ್ಷ ಬದುಕಿದ, ಒಂದೂ ಇಲ್ಲ. ನಮ್ಮ ಕಾಲೇಜಿನ ಅಡ್ಮಿಶನ್ ಫಾರ್ಮ್ ಕೊಟ್ಟಿದ್ದರೆ ಮುಕ್ಕಾಲು ಭಾಗ ಖಾಲಿ ಇರ್ತಿತ್ತು.

ನಾವು ಕ್ಲಬ್ಬಿನವರು ಮಾತಾಡುತ್ತಾ ಒಂದು ಆಟ ಆಡಿದೆವು. ಸಖರಾಯಪಟ್ಟಣದಂಥ ಪೇಟೆಯಲ್ಲಿ, ಬಸ್ ನಿಲ್ಲುವ ಕಡೆ, ಲಕ್ಷ್ಮೀಶನ ಪ್ರತಿಮೆ ನಿಲ್ಲಿಸಬೇಕು ಅಂದುಕೊಳ್ಳಿ. ಶಿಲ್ಪಿ ನಮ್ಮ ಹತ್ತಿರ ಬಂದು ಸ್ಪೆಸಿಫಿಕೇಶನ್ ಕೊಡಿ ಅಂತಾನೆ. ಏನು ಕೊಡ್ತೀರಿ?

ಮೊದಲನೆಯದು ಮುಖ. ಚಿತ್ರ ಇಲ್ಲ. ಇದು ಲಕ್ಷ್ಮೀಶನೊಬ್ಬನ ಸಮಸ್ಯೆ ಅಲ್ಲ ಬಿಡಿ. ಪಂಪನ ಮುಖವೂ ಗೊತ್ತಿಲ್ಲ, ಕುಮಾರವ್ಯಾಸನದ್ದೂ ಗೊತ್ತಿಲ್ಲ. 2009ರ ಆಗಸ್ಟಿನಲ್ಲಿ ಬೆಂಗಳೂರಿನ ಹಲಸೂರು ಕೆರೆ ಹತ್ತಿರ ತಿರುವಳ್ಳುವರ್ ಪ್ರತಿಮೆ, ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣ ಆದವು. ಬೆಂಗಳೂರಿನ ಪ್ರತಿಮೆ ಅದಕ್ಕೆ ಮುಂಚೆ 18 ವರ್ಷ ಬಟ್ಟೆ ಸುತ್ತಿಕೊಂಡೇ ನಿಂತಿತ್ತು. ಎರಡು ರಾಜ್ಯ ಅಷ್ಟು ಜಗಳ, ಅಷ್ಟು ರಾಜಿ ಮಾಡಿಕೊಂಡದ್ದು ಯಾರೂ ಕಣ್ಣಾರೆ ನೋಡದ ಇಬ್ಬರು ಮನುಷ್ಯರ ಮುಖಗಳ ಬಗ್ಗೆ. ಅಂದ್ರೆ ಮುಖ ಇಲ್ಲದಿರೋದು ಪ್ರತಿಮೆಗೆ ಅಡ್ಡಿ ಅಲ್ಲ. ಗಡ್ಡ ಇಡಬೇಕೇ, ಜುಟ್ಟು ಇಡಬೇಕೇ ಅಂತ ಯಾರೋ ತೀರ್ಮಾನ ಮಾಡ್ತಾರೆ, ಐವತ್ತು ವರ್ಷ ಕಳೆದ ಮೇಲೆ ಅದೇ ಅವನ ಮುಖ ಆಗಿಬಿಡುತ್ತೆ.

ಎರಡನೆಯದು ಹಣೆ. ಇಲ್ಲಿ ಕಷ್ಟ ಶುರು. ನಾಮ ಹಾಕಬೇಕೇ, ಹಾಕಿದರೆ ಯಾವ ನಾಮ? ಶ್ರೀವೈಷ್ಣವ ಅಂತ ಹಲವರು ಹೇಳುತ್ತಾರೆ. ಅಲ್ಲ, ಸ್ಮಾರ್ತ, ಭಾಗವತ ಸಂಪ್ರದಾಯದವನು ಅಂತ ವಾದಿಸಿದವರೂ ಇದ್ದಾರೆ. ಕಾವ್ಯದ ಆರಂಭದ ಸ್ತುತಿಯಲ್ಲಿ ಶಿವನೂ ಬರುವುದು ಅವರ ಆಧಾರಗಳಲ್ಲಿ ಒಂದು. ಪಂಡಿತರು ಇದರ ಮೇಲೆ ಪುಟಗಟ್ಟಲೆ ಬರೆದಿದ್ದಾರೆ. ಪುಸ್ತಕದಲ್ಲಾದರೆ ಎರಡೂ ಅಭಿಪ್ರಾಯ ಹಾಕಿ ಮುಂದಕ್ಕೆ ಹೋಗಬಹುದು. ಕಲ್ಲಿನ ಹಣೆ ಮೇಲೆ ಎರಡು ಅಭಿಪ್ರಾಯ ಕೆತ್ತೋಕೆ ಆಗಲ್ಲ.

ಮೂರನೆಯದು ಪೀಠದ ಮೇಲಿನ ಇಸವಿ. ಅವನು ಯಾವ ರಾಜನ ಆಸ್ಥಾನದಲ್ಲೂ ಇದ್ದೆ ಅಂತ ಹೇಳಿಕೊಂಡಿಲ್ಲ. ರಾಜನ ಹೆಸರಿದ್ದರೆ ಶಾಸನ ಹುಡುಕಿ ಕಾಲ ಹೇಳಬಹುದು. ಇವನು ಕಾವ್ಯ ಅರ್ಪಿಸಿದ್ದು ದೇವರಿಗೆ, ದೇವರಿಗೆ ಇಸವಿ ಇರಲ್ಲ. ಹಾಗಾಗಿ ಕೆಲವರು 16ನೇ ಶತಮಾನದ ಮಧ್ಯಭಾಗ ಅಂದರು, ಇನ್ನು ಕೆಲವರು 17ನೇ ಶತಮಾನದ ಕೊನೆ ಅಂದರು. ಈಗ ಹೆಚ್ಚಿನ ಪುಸ್ತಕಗಳು 16ನೇ ಶತಮಾನ ಅನ್ನುತ್ತವೆ. ಇದನ್ನು ತೀರ್ಮಾನಿಸುವ ವಿಧಾನ ನಮಗೆ ಇಷ್ಟವಾಯಿತು. ಯಾವ ಕವಿ ಯಾರ ಹೆಸರು ನೆನೆದಿದ್ದಾನೆ, ಯಾರ ಮಾತು ಯಾರ ಪದ್ಯದಲ್ಲಿ ಸ್ವಲ್ಪ ಬದಲಾಗಿ ಕಾಣುತ್ತೆ ಅಂತ ಹುಡುಕಿ, ಇವನು ಅವನಿಗಿಂತ ಮೊದಲು ಇರಬೇಕು, ಇನ್ನೊಬ್ಬನಿಗಿಂತ ಆಮೇಲೆ ಇರಬೇಕು ಅಂತ ಎರಡೂ ಕಡೆಯಿಂದ ಒತ್ತಿಕೊಂಡು ಬರೋದು. ನಮ್ಮ ಅಸೈನ್‌ಮೆಂಟ್‌ಗಳಲ್ಲಿ ಯಾರು ಯಾರದ್ದು ಕಾಪಿ ಹೊಡೆದರು ಅಂತ ಲೆಕ್ಚರರ್ ಕಂಡುಹಿಡಿಯೋದು ಇದೇ ಥರ.

ನಾಲ್ಕನೆಯದು, ಪ್ರತಿಮೆ ಯಾವ ಊರಲ್ಲಿ? ದೇವಪುರ ಅಂದರೆ ನಮ್ಮ ದೇವನೂರು ಅಂತ ಬಹುಮತ. ಕಲಬುರಗಿ ಸೀಮೆಯ ಸುರಪುರದ ಹತ್ತಿರದ ದೇವಾಪುರ ಅಂತ ವಾದಿಸುವವರೂ ಇದ್ದಾರೆ. ನಮ್ಮ ಕ್ಲಬ್ಬಿನಲ್ಲಿ ಯಾದಗಿರಿ ಕಡೆಯವರೂ ಇರುವುದರಿಂದ ಈ ವಿಷಯ ಇಲ್ಲಿಗೇ ಬಿಡುವುದು ಕ್ಷೇಮ.

ಹಾಗಾದರೆ ಶಿಲ್ಪಿಗೆ ಖಚಿತವಾಗಿ ಹೇಳಬಹುದಾದದ್ದು ಏನು? ಕೈಯಲ್ಲಿ ತಾಳೆಗರಿ, ಬರೆಯುವ ಕಬ್ಬಿಣದ ಕಂಟ. ಆ ಗರಿಯ ಮೇಲೆ ಏನು ಬರೆದ ಅನ್ನೋದು ಪೂರ್ತಿ ಉಳಿದಿದೆ. ಆ ಮನುಷ್ಯನ ದಿನಚರಿ ಇಲ್ಲದಿದ್ದರೂ ಅವನ ಕೆಲಸ ಇದೆ. ಕೆಲಸವನ್ನೇ ನೋಡಿ ಕೆಲಸಗಾರ ಎಂಥವನು ಅಂತ ಊಹಿಸೋದು ನಮಗೆ ಹೊಸದಲ್ಲ. ಕಾಮೆಂಟ್ ಇಲ್ಲದ ಹಳೇ ಕೋಡ್ ಕೈಗೆ ಬಂದರೆ ಬರೆದವನ ತಲೆ ಹೇಗಿತ್ತು ಅಂತ ಎರಡು ದಿನದಲ್ಲಿ ಗೊತ್ತಾಗುತ್ತೆ.

ಮೊದಲು ಲೆಕ್ಕ. ಜೈಮಿನಿ ಭಾರತ 34 ಸಂಧಿಗಳ ಕಾವ್ಯ, ಪದ್ಯಗಳು ಸುಮಾರು 1900. ಇಡೀ ಕಾವ್ಯ ವಾರ್ಧಕ ಷಟ್ಪದಿಯಲ್ಲಿದೆ. ಷಟ್ಪದಿ ಅಂದರೆ ಆರು ಸಾಲು. ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ ಎರಡು. ವಾರ್ಧಕದಲ್ಲಿ ಐದೈದು ಮಾತ್ರೆಯ ಗುಂಪುಗಳು. 1, 2, 4, 5ನೇ ಸಾಲುಗಳಲ್ಲಿ ನಾಲ್ಕು ಗುಂಪು, ಅಂದರೆ 20 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ ಆರು ಗುಂಪು, ಕೊನೆಗೊಂದು ಗುರು, ಅಂದರೆ 32. ಕೂಡಿಸಿ: 80 ಮತ್ತು 64, ಒಟ್ಟು 144. ಹನ್ನೆರಡರ ವರ್ಗ! ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಗೆ ಒಂದು ಪದ್ಯಕ್ಕೆ 102 ಮಾತ್ರೆ. ಅಂದರೆ ಲಕ್ಷ್ಮೀಶ ಆರಿಸಿಕೊಂಡದ್ದು ಹೆಚ್ಚು ಉದ್ದದ, ಹೆಚ್ಚು ಉಸಿರು ಬೇಡುವ ಸಾಲು. ಇದರ ಮೇಲೆ ಇನ್ನೊಂದು ಕಟ್ಟುಪಾಡು, ಆರೂ ಸಾಲುಗಳ ಎರಡನೇ ಅಕ್ಷರ ಒಂದೇ ವ್ಯಂಜನ ಆಗಿರಬೇಕು. ಆದಿಪ್ರಾಸ ಅಂತಾರೆ.

1900 ಪದ್ಯ ಗುಣಿಸು 144. ಎರಡು ಲಕ್ಷ ಎಪ್ಪತ್ತಮೂರು ಸಾವಿರಕ್ಕೂ ಮೇಲೆ ಮಾತ್ರೆಗಳು. ಬ್ಯಾಕ್‌ಸ್ಪೇಸ್ ಇಲ್ಲ. ತಾಳೆಗರಿ ಮೇಲೆ ಕಂಟದಿಂದ ಗೀರಿದ ಅಕ್ಷರ ಅಳಿಸೋದು ಸುಲಭ ಅಲ್ಲ. ಬಹುಶಃ ಬರೆಯೋಕೆ ಮುಂಚೆ ಬಾಯಲ್ಲೇ ಹೇಳಿ ಹೇಳಿ ನೋಡ್ತಿದ್ದ. ಓದಿ ನೋಡಿದರೆ ಹಾಗೇ ಅನಿಸುತ್ತೆ. ಅರ್ಥ ಆಗೋಕೆ ಮುಂಚೆ ಸದ್ದು ಕಿವಿಗೆ ಬೀಳುತ್ತೆ, ಒಂದು ಅಕ್ಷರದ ಹಿಂದೆ ಇನ್ನೊಂದು ಉರುಳಿಕೊಂಡು ಬರುತ್ತೆ. ಅವನಿಗೆ ನಾದಲೋಲ, ಉಪಮಾಲೋಲ ಅಂತ ಹೆಸರು ಬಂದಿರುವುದು ಇದಕ್ಕೇ. ನಾದದ ಹುಚ್ಚು, ಹೋಲಿಕೆಯ ಹುಚ್ಚು. ಕರ್ಣಾಟಕವಿಚೂತವನಚೈತ್ರ ಅಂತ ಇನ್ನೊಂದು ಬಿರುದು. ಕನ್ನಡ ಕವಿಗಳು ಅನ್ನೋ ಮಾವಿನ ತೋಪಿಗೆ ಇವನು ಚೈತ್ರಮಾಸ, ಇವನು ಬಂದರೆ ತೋಪು ಚಿಗುರುತ್ತೆ ಅಂತ ಅರ್ಥ. ಲಿಂಕ್ಡ್‌ಇನ್ ಬಯೋಗೆ ಇದಕ್ಕಿಂತ ಒಳ್ಳೆಯದು ನಾವಂತೂ ನೋಡಿಲ್ಲ.

ನಿಜ ಹೇಳಬೇಕಂದ್ರೆ ಈ ನಾದದ ಹುಚ್ಚು ಕೆಲವು ಕಡೆ ಅತಿಯಾಗುತ್ತೆ. ಒಂದು ಸರೋವರ ಬಂದರೆ ಸಾಕು, ಕಮಲ, ದುಂಬಿ, ಹಂಸ ಎಲ್ಲ ಸಾಲಾಗಿ ಬಂದು ಹಾಜರಿ ಹಾಕುತ್ತವೆ. ಅಂಥ ಕಡೆ ಅಯ್ಯನಕೆರೆಯನ್ನು ನೋಡಿ ಬರೆದಿರಬಹುದು ಅಂತ ಹೇಳೋ ಆಸೆ ಆಗುತ್ತೆ. ಆದರೆ ಆ ಕಮಲ ದುಂಬಿಗಳು ಸಂಸ್ಕೃತ ಕಾವ್ಯಗಳಲ್ಲೂ ಇದೇ ಥರ ಸಾಲಾಗಿ ನಿಂತಿವೆ, ಆದ್ದರಿಂದ ಆಸೆಯನ್ನು ಅಲ್ಲಿಗೇ ಬಿಟ್ಟೆವು. ಅವನು ನಿಜವಾಗಿ ಹಿಡಿದು ನಿಲ್ಲಿಸೋದು ಕಥೆಯಲ್ಲಿ.

ಕಥೆಗಳ ಮೂಲ ಅವನದಲ್ಲ. ವ್ಯಾಸರ ಶಿಷ್ಯ ಜೈಮಿನಿಯೂ ಒಂದು ಭಾರತ ಹೇಳಿದ, ಅದರಲ್ಲಿ ಉಳಿದದ್ದು ಅಶ್ವಮೇಧ ಪರ್ವ ಮಾತ್ರ ಅಂತ ಸಂಪ್ರದಾಯ. ಸಂಸ್ಕೃತದ ಆ ಪರ್ವವನ್ನು ಲಕ್ಷ್ಮೀಶ ಕನ್ನಡಕ್ಕೆ ತಂದ. ಅವನು ಆರಿಸಿಕೊಂಡ ಜಾಗ ಗಮನಿಸಿ. ಕುರುಕ್ಷೇತ್ರ ಯುದ್ಧ ಮುಗಿದಿದೆ. ದೊಡ್ಡ ದೊಡ್ಡವರೆಲ್ಲ ಸತ್ತಿದ್ದಾರೆ. ಗೆದ್ದ ಧರ್ಮರಾಯನಿಗೆ ಬಂಧುಗಳನ್ನು ಕೊಂದ ದುಃಖ ತಡೆಯೋಕೆ ಆಗ್ತಿಲ್ಲ. ಪಾಪ ಕಳೆಯೋಕೆ ಅಶ್ವಮೇಧ ಮಾಡು ಅಂತ ವ್ಯಾಸರು ಹೇಳ್ತಾರೆ. ಅದಕ್ಕೆ ಬೇಕಾದ ಕುದುರೆ ಇರೋದು ಯೌವನಾಶ್ವ ಅನ್ನೋ ರಾಜನ ಭದ್ರಾವತಿಯಲ್ಲಿ. ಭೀಮ, ಕರ್ಣನ ಮಗ ವೃಷಕೇತು, ಘಟೋತ್ಕಚನ ಮಗ, ಮೂರೂ ಜನ ಹೋಗಿ ತರ್ತಾರೆ. ಭದ್ರಾವತಿ ಅಂದ ಕೂಡಲೇ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಹೋಗೋ ರೈಲು ನೆನಪಾದರೆ ತಪ್ಪಲ್ಲ. ಬೆಂಕಿಪುರ ಅಂತಿದ್ದ ಊರು ಈಗ ಅದೇ ಹೆಸರಿನಲ್ಲಿ ಕಬ್ಬಿಣಕ್ಕೆ ಪ್ರಸಿದ್ಧಿ ಆಗಿದೆ.

ಕೊಂದ ಪಾಪ ಕಳೆಯೋಕೆ ಹೊರಟ ಯಜ್ಞ, ಆದರೆ ಕುದುರೆ ಹೋದಲ್ಲೆಲ್ಲ ಮತ್ತೆ ಯುದ್ಧ. ಇದರಲ್ಲಿರೋ ವಿಚಿತ್ರ ಲಕ್ಷ್ಮೀಶನಿಗೆ ಕಾಣದೆ ಇರಲಿಲ್ಲ ಅಂತ ನಮಗೆ ಅನಿಸುತ್ತೆ. ಯಾಕಂದ್ರೆ ಅವನು ಪ್ರೀತಿಯಿಂದ ಬರೆಯೋದು ಅರ್ಜುನನನ್ನಲ್ಲ. ಅರ್ಜುನನ ಎದುರು ನಿಂತವರನ್ನು.

ಸುಧನ್ವನನ್ನು ನೋಡಿ. ಚಂಪಕಾಪುರದ ಹಂಸಧ್ವಜನ ಮಗ. ಯುದ್ಧಕ್ಕೆ ತಡವಾಗಿ ಬಂದವರನ್ನು ಕಾದ ಎಣ್ಣೆ ಕೊಪ್ಪರಿಗೆಗೆ ಹಾಕಬೇಕು ಅಂತ ರಾಜಾಜ್ಞೆ. ಹೊರಡುವಾಗ ಹೆಂಡತಿ ಪ್ರಭಾವತಿ ತಡೆದಳು, ಅವಳ ಮಾತು ಮೀರೋಕೆ ಆಗದೆ ಮಗ ತಡವಾಗಿ ಬಂದ. ಅಪ್ಪ ಹಿಂಜರಿದರೂ ಪುರೋಹಿತರಾದ ಶಂಖ, ಲಿಖಿತ ಬಿಡಲ್ಲ, ಆಜ್ಞೆ ಅಂದ್ರೆ ಆಜ್ಞೆ. ಸುಧನ್ವ ಕೃಷ್ಣನನ್ನು ನೆನೆದು ಎಣ್ಣೆಗೆ ಇಳಿಯುತ್ತಾನೆ, ಏನೂ ಆಗಲ್ಲ. ಎಣ್ಣೆ ಕಾದೇ ಇಲ್ಲವೇನೋ ಅಂತ ಟೆಸ್ಟ್ ಮಾಡೋಕೆ ತೆಂಗಿನಕಾಯಿ ಹಾಕ್ತಾರೆ. ಅದು ಸಿಡಿದು ಹೋಗಿ ಆ ಪುರೋಹಿತರಿಗೇ ಬಡಿಯುತ್ತೆ. ತೆಂಗಿನ ತೋಟದ ಕಡೂರು ಸೀಮೆಯಲ್ಲಿ ಈ ಭಾಗ ಓದುವಾಗ ಜನ ಎಷ್ಟು ನಕ್ಕಿರಬೇಕು! ಅಟೆಂಡೆನ್ಸ್ ಶಾರ್ಟೇಜ್ ಆದ ನಮಗೆ ಸುಧನ್ವ ಹತ್ತಿರದ ಸಂಬಂಧಿ. ಆಮೇಲೆ ಅವನು ಅರ್ಜುನನ ಎದುರು ಹೋರಾಡಿ ಸಾಯುತ್ತಾನೆ. ಓದುವವರ ಮನಸ್ಸು ಅಷ್ಟರಲ್ಲಿ ಯಾರ ಕಡೆಗಿರುತ್ತೆ ಅಂತ ಹೇಳಬೇಕಾಗಿಲ್ಲ.

ಬಭ್ರುವಾಹನ ಇನ್ನೂ ದೊಡ್ಡ ಪೆಟ್ಟು. ಮಣಿಪುರದಲ್ಲಿ ಚಿತ್ರಾಂಗದೆಯ ಮಗ, ಕುದುರೆ ಹಿಂದೆ ಬಂದವನು ತನ್ನ ಅಪ್ಪ ಅಂತ ತಿಳಿದು ಕಾಣಿಕೆ ಹಿಡಿದು ಕಾಲಿಗೆ ಬೀಳುತ್ತಾನೆ. ಅರ್ಜುನ ಅವನನ್ನು ಒದ್ದು, ಹುಟ್ಟನ್ನೇ ಹೀಯಾಳಿಸುತ್ತಾನೆ. ಯುದ್ಧ ಆಗುತ್ತೆ, ಮಗನ ಬಾಣಕ್ಕೆ ಅಪ್ಪನ ತಲೆ ಉರುಳುತ್ತೆ. 1977ರ 'ಬಭ್ರುವಾಹನ' ಸಿನಿಮಾದಲ್ಲಿ ರಾಜ್‌ಕುಮಾರ್ ಅಪ್ಪ ಮಗ ಎರಡೂ ಪಾತ್ರ ಮಾಡಿದ್ದಾರೆ, ಇಬ್ಬರೂ ಹಾಡಿನಲ್ಲೇ ಬೈದಾಡಿಕೊಳ್ಳುವ ಆ ಸೀನ್ ಇವತ್ತಿಗೂ ರೀಲ್ಸ್‌ನಲ್ಲಿ ಓಡುತ್ತೆ. ಅದನ್ನು ನೋಡಿದವರೆಲ್ಲ ದೇವನೂರಿನ ಕವಿಯ ದೂರದ ಓದುಗರೇ. ಆ ಬಾಣದ ಹಿಂದೆ ಒಂದು ಉದ್ದನೆಯ ಸರಪಳಿ ಇದೆ: ನೀಲಧ್ವಜನ ಹೆಂಡತಿ ಜ್ವಾಲೆಗೆ ಅರ್ಜುನನ ಮೇಲೆ ಸಿಟ್ಟು, ಅವಳು ಹೋಗಿ ಗಂಗೆಯನ್ನು ಕೆಣಕಿದಳು, ಭೀಷ್ಮನ ತಾಯಿ ಗಂಗೆ ಅರ್ಜುನನಿಗೆ ಶಾಪ ಕೊಟ್ಟಳು, ಜ್ವಾಲೆಯೇ ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರಿದಳು. ಇದೆಲ್ಲ ಬೇರೆ ಬೇರೆ ಸಂಧಿಗಳಲ್ಲಿ ಚೆಲ್ಲಿದೆ, ಎಲ್ಲೋ ಮೊದಲು ಇಟ್ಟ ಬೀಜ ಎಷ್ಟೋ ಪದ್ಯ ಆದಮೇಲೆ ಮೊಳೆಯುತ್ತೆ.

ಅಪ್ಪ ಮಗ ಕಾದಾಡುವ ಜಾಗಕ್ಕೇ ಸರಿಯಾಗಿ ಕುಶ ಲವರ ಕಥೆ ಬರುತ್ತೆ. ಹಿಂದೆಯೂ ಹೀಗೇ ಆಗಿತ್ತು, ರಾಮನ ಕುದುರೆಯನ್ನು ರಾಮನ ಮಕ್ಕಳೇ ಕಟ್ಟಿದ್ದರು ಅಂತ. ಆ ಕಥೆ ಹೇಳಬೇಕಾದರೆ ಸೀತೆಯನ್ನು ಕಾಡಿಗೆ ಬಿಟ್ಟದ್ದು ಹೇಳಲೇಬೇಕು. ಕನ್ನಡದಲ್ಲಿ ಲಕ್ಷ್ಮೀಶ ಅಂದ ಕೂಡಲೇ ಹಳಬರಿಗೆ ನೆನಪಾಗೋದು ಈ ಭಾಗ. ಬಸುರಿ ಸೀತೆ ಋಷ್ಯಾಶ್ರಮ ನೋಡೋಕೆ ಅಂತ ಸಂತೋಷವಾಗಿ ರಥ ಹತ್ತುತ್ತಾಳೆ. ಲಕ್ಷ್ಮಣನಿಗೆ ಮಾತ್ರ ಗೊತ್ತು. ಅವನು ಹೇಳೋಕೂ ಆಗದೆ, ಹೇಳದೆ ಇರೋಕೂ ಆಗದೆ ಒದ್ದಾಡೋದನ್ನು ಕವಿ ಬೇಗ ಮುಗಿಸಿಬಿಡಲ್ಲ, ನಿಧಾನವಾಗಿ ಎಳೆಯುತ್ತಾನೆ. ಅವನು ಹಿಂದಿರುಗಿ ಹೋದಮೇಲೆ ಕಾಡಿನ ಜಿಂಕೆ, ನವಿಲು, ಹಕ್ಕಿಗಳು ಮೇವು ಬಿಟ್ಟು ಅವಳ ಸುತ್ತ ನಿಲ್ಲುತ್ತವೆ. ರಾಮ ಮಾಡಿದ್ದು ಸರಿಯೋ ತಪ್ಪೋ ಅಂತ ಲಕ್ಷ್ಮೀಶ ಪ್ರಬಂಧ ಬರೆಯಲ್ಲ. ಕಾಡೆಲ್ಲ ಅವಳ ಕಡೆ ನಿಂತಿದೆ ಅಂತ ತೋರಿಸ್ತಾನೆ, ಅಷ್ಟೇ. ರಾಮ ದೇವರು ಅಂತಲೇ ನಂಬಿದ್ದ ಭಕ್ತ ಇದನ್ನು ಬರೆದದ್ದು. ಹಣೆಯ ಮೇಲೆ ಯಾವ ನಾಮ ಅನ್ನೋ ಜಗಳಕ್ಕಿಂತ ಈ ಜಾಗದಲ್ಲಿ ಆ ಮನುಷ್ಯ ನಮಗೆ ಹೆಚ್ಚು ಕಂಡ.

ಚಂದ್ರಹಾಸನ ಕಥೆ ಇಂಜಿನಿಯರಿಂಗ್ ಓದುವವರಿಗೆ ಹೇಳಿ ಮಾಡಿಸಿದ್ದು. ತಬ್ಬಲಿ ಹುಡುಗ, ಮುಂದೆ ರಾಜ ಆಗ್ತಾನೆ ಅಂತ ಭವಿಷ್ಯ. ಮಂತ್ರಿ ದುಷ್ಟಬುದ್ಧಿ ಅವನನ್ನು ಕೊಲ್ಲಿಸೋಕೆ ಕಳಿಸಿದರೆ ಕಟುಕರು ಕರುಣೆಯಿಂದ ಅವನ ಆರನೇ ಕಾಲ್ಬೆರಳು ಮಾತ್ರ ಕತ್ತರಿಸಿ ಬಿಟ್ಟುಬಿಡ್ತಾರೆ. ಹುಡುಗ ದೊಡ್ಡವನಾದಮೇಲೆ ಮಂತ್ರಿ ಇನ್ನೊಂದು ಉಪಾಯ ಮಾಡಿ, ಇವನಿಗೆ ವಿಷ ಕೊಡು ಅಂತ ಮಗನಿಗೆ ಓಲೆ ಬರೆದು, ಆ ಓಲೆಯನ್ನು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ದಾರಿಯಲ್ಲಿ ತೋಟದಲ್ಲಿ ಮಲಗಿದ್ದಾಗ ಮಂತ್ರಿಯ ಮಗಳು ಅದನ್ನು ತೆಗೆದು ಓದುತ್ತಾಳೆ. ಅವಳ ಹೆಸರು ವಿಷಯೆ. ಒಂದೇ ಅಕ್ಷರ ತಿದ್ದುತ್ತಾಳೆ. ವಿಷ ಕೊಡು ಅನ್ನೋದು ವಿಷಯೆಯನ್ನು ಕೊಡು ಅಂತ ಆಗುತ್ತೆ, ಕೊಲೆ ಆಗಬೇಕಾದ ಕಡೆ ಮದುವೆ ಆಗುತ್ತೆ. ಒಂದು ಅಕ್ಷರದ ಎಡಿಟ್‌ನಿಂದ ಪ್ರೋಗ್ರಾಂ ಕ್ರ್ಯಾಶ್ ಆಗೋದು ನಮಗೆ ದಿನಾ ಗೊತ್ತು, ಒಂದು ಅಕ್ಷರದ ಎಡಿಟ್‌ನಿಂದ ಜೀವ ಉಳಿದದ್ದು ಇಲ್ಲಿ ಮಾತ್ರ ನೋಡಿದ್ದು. ಕುವೆಂಪು ಈ ಕಥೆಯ ಮೇಲೆ ನಾಟಕವನ್ನೇ ಬರೆದಿದ್ದಾರೆ. ಕರಾವಳಿಯ ಯಕ್ಷಗಾನದಲ್ಲಿ ಚಂದ್ರಹಾಸ, ಸುಧನ್ವ, ಬಭ್ರುವಾಹನ, ತಾಮ್ರಧ್ವಜ ಎಲ್ಲರೂ ರಾತ್ರಿಯಿಡೀ ಕುಣಿಯುತ್ತಾರೆ. ಹೆಂಗಸರ ರಾಜ್ಯದ ಪ್ರಮೀಳೆ, ಯಮನನ್ನೇ ಅಳಿಯನನ್ನಾಗಿ ಮಾಡಿಕೊಂಡ ವೀರವರ್ಮ ಇವರ ಬಗ್ಗೆ ಹೇಳುತ್ತಾ ಹೋದರೆ ಮ್ಯಾಗಜಿನ್ ಎಡಿಟರ್ ಕತ್ತರಿ ಹಾಕ್ತಾರೆ.

ಕವಿ ಸತ್ತದ್ದು ಯಾವಾಗ ಅಂತ ಗೊತ್ತಿಲ್ಲದ ಜೀವನಚರಿತ್ರೆಯಲ್ಲಿ ಸಾವಿನ ಆಮೇಲಿನ ಭಾಗವೇ ಹೆಚ್ಚು ಸ್ಪಷ್ಟ. ತಾಳೆಗರಿಯಿಂದ ತಾಳೆಗರಿಗೆ ಕಾಪಿ ಆಗುತ್ತಾ ಬಂದ ಕಾವ್ಯ 19ನೇ ಶತಮಾನದ ಮಧ್ಯದಲ್ಲಿ ಅಚ್ಚಿಗೆ ಬಂತು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರುಮಾಡಿದ ಹೆರ್ಮನ್ ಮೊಗ್ಲಿಂಗ್, 1848ರಿಂದ ಹಳೆಯ ಕನ್ನಡ ಪುಸ್ತಕಗಳ ಒಂದು ಮಾಲೆಯನ್ನು ಕಲ್ಲಚ್ಚಿನಲ್ಲಿ ತಂದ. ಖರ್ಚು ಕೊಟ್ಟವನು ಕಾಸಮೇಜರ್ ಅನ್ನೋ ನಿವೃತ್ತ ನ್ಯಾಯಾಧೀಶ. ಜೈಮಿನಿ ಭಾರತವೂ ಆ ಮಾಲೆಯಲ್ಲಿತ್ತು. 1852ರಲ್ಲಿ ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್‌ಸನ್ ಇದೇ ಕಾವ್ಯವನ್ನು ಇಂಗ್ಲಿಷ್ ಅನುವಾದ, ಟಿಪ್ಪಣಿಗಳ ಜೊತೆ ಪ್ರಕಟಿಸಿದ. ಕಿಟೆಲ್ 1894ರಲ್ಲಿ ತನ್ನ ದೊಡ್ಡ ನಿಘಂಟು ತಂದಾಗ ಎಷ್ಟೋ ಪದಗಳಿಗೆ ಉದಾಹರಣೆ ತೆಗೆದದ್ದು ಇಲ್ಲಿಂದ. ದೇವರ ಲೀಲೆ ಬರೆದ ವೈಷ್ಣವ ಕಾವ್ಯವನ್ನು ಕ್ರಿಶ್ಚಿಯನ್ ಪಾದ್ರಿಗಳು ಇಷ್ಟು ಶ್ರದ್ಧೆಯಿಂದ ಅಚ್ಚು ಹಾಕಿದ್ದಕ್ಕೆ ಕಾರಣ ಸರಳ. ಕನ್ನಡ ಕಲಿಯಬೇಕಾದರೆ ಜನ ಏನು ಓದುತ್ತಾರೋ, ಏನು ಹಾಡುತ್ತಾರೋ ಅದನ್ನೇ ಕಲಿಯಬೇಕು, ಆಗ ಹಳ್ಳಿ ಹಳ್ಳಿಯಲ್ಲಿ ಇದ್ದದ್ದು ಜೈಮಿನಿ.

ಸ್ಯಾಂಡರ್‌ಸನ್ ಪುಸ್ತಕದ ವಿಷಯ ನಮ್ಮನ್ನು ಸ್ವಲ್ಪ ಕಾಡಿತು. 1852ರಲ್ಲಿ ಅದು ಬೇಕಾಗಿದ್ದದ್ದು ಕನ್ನಡ ಗೊತ್ತಿಲ್ಲದ ಇಂಗ್ಲಿಷಿನವರಿಗೆ. ಈಗ ಅಂಥ ಪುಸ್ತಕ ಬೇಕಾಗಿರೋದು ಯಾರಿಗೆ ಅಂದ್ರೆ ನಮಗೆ. ಯುಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಮನೆಯಲ್ಲಿ ಕನ್ನಡ ಮಾತು, ಆದರೆ ಒಂದು ಷಟ್ಪದಿ ಬಿಡಿಸೋಕೆ ನಿಘಂಟು, ಗೂಗಲ್, ಕನ್ನಡ ಮೇಷ್ಟರಿಗೆ ಒಂದು ವಾಟ್ಸಾಪ್ ಮೆಸೇಜು, ಇಷ್ಟೂ ಬೇಕು. ಕ್ಲಬ್ಬಿನಲ್ಲಿ ನಾವು ಐದಾರು ಜನ ಕೂತು ಮೊದಲ ಪದ್ಯ ಓದೋಕೆ ನಲವತ್ತು ನಿಮಿಷ ಹಿಡಿಯಿತು. ಸಂಧಿ ಎಲ್ಲಿ ಒಡೆಯೋದು ಅನ್ನೋದೇ ದೊಡ್ಡ ಜಗಳ. ನಮ್ಮಲ್ಲೊಬ್ಬರ ಅಜ್ಜಿ ಶಾಲೆಗೆ ಹೋದವರಲ್ಲ. ಸೀತೆಯನ್ನು ಕಾಡಿಗೆ ಬಿಡುವ ಭಾಗ ಅವರಿಗೆ ಬಾಯಿಗೆ ಬರುತ್ತೆ, ಓದೋಕೆ ಬರಲ್ಲ. ನಮಗೆ ಓದೋಕೆ ಬರುತ್ತೆ, ಅರ್ಥ ಆಗಲ್ಲ. ಎರಡು ತಲೆಮಾರಿನಲ್ಲಿ ಏನು ಎಲ್ಲಿ ಜಾರಿತು ಅಂತ ಆವತ್ತು ಯಾರೂ ಮಾತಾಡಲಿಲ್ಲ, ಆದರೆ ಎಲ್ಲರಿಗೂ ಹೊಳೆಯಿತು.

ಅವರಿಗೆ ಅದು ಬಂದದ್ದು ಗಮಕದಿಂದ. ರಾತ್ರಿ ಊಟ ಆದಮೇಲೆ ಜಗಲಿಯಲ್ಲೋ ದೇವಸ್ಥಾನದಲ್ಲೋ ಒಬ್ಬರು ರಾಗವಾಗಿ ಓದೋದು, ಇನ್ನೊಬ್ಬರು ಅರ್ಥ ಹೇಳೋದು, ಊರವರು ಕೂತು ಕೇಳೋದು. ಓದು ಬರದವರಿಗೂ ಕಾವ್ಯ ಗೊತ್ತಿರ್ತಿತ್ತು. ಅದು ಈಗಲೂ ಪೂರ್ತಿ ಹೋಗಿಲ್ಲ. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯಲ್ಲಿ ಗಮಕ ಇನ್ನೂ ಜೀವಂತ ಇದೆ, ಅಲ್ಲಿನ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಯೂಟ್ಯೂಬಿನಲ್ಲಿ ಗಮಕದ ರೆಕಾರ್ಡಿಂಗ್‌ಗಳು ಸಿಗುತ್ತವೆ. ಹೆಡ್‌ಫೋನ್ ಹಾಕಿಕೊಂಡು, ಪುಸ್ತಕ ಎದುರಿಗಿಟ್ಟುಕೊಂಡು ಕೇಳಿದರೆ ಒಂದು ಚಮತ್ಕಾರ ಆಗುತ್ತೆ: ನಾವು ಜಗಳ ಆಡಿದ್ದ ಸಂಧಿಗಳನ್ನು ರಾಗವೇ ಒಡೆದು ಕೊಡುತ್ತೆ. ಎಲ್ಲಿ ಉಸಿರು ನಿಲ್ಲುತ್ತೋ ಅಲ್ಲಿ ಪದ ಮುಗಿದಿರುತ್ತೆ. ಐದೈದು ಮಾತ್ರೆಯ ಲೆಕ್ಕ ಬೆರಳಲ್ಲಿ ಎಣಿಸೋದು ಬಿಟ್ಟು ಕಾಲು ತಾಳ ಹಾಕೋಕೆ ಶುರುಮಾಡುತ್ತೆ.

ಪ್ರತಿಮೆಯ ಮಾತಿಗೆ ಬಂದರೆ, ನಮ್ಮ ಕ್ಲಬ್ಬಿನಲ್ಲಿ ವೋಟಿಂಗ್ ಆಯಿತು. ನಿಂತ ಪ್ರತಿಮೆ ಬೇಡ, ಕೂತದ್ದಿರಲಿ ಅಂತ ಹೆಚ್ಚು ಜನ. ತಲೆ ತಗ್ಗಿಸಿ ಗರಿಯ ಮೇಲೆ ಬಗ್ಗಿ ಬರೆಯುತ್ತಿರಬೇಕು, ಆಗ ಹಣೆಯೂ ಕಾಣಲ್ಲ ಮುಖವೂ ಕಾಣಲ್ಲ, ಅರ್ಧ ಜಗಳ ಅಲ್ಲೇ ತೀರುತ್ತೆ. ಮೆಕ್ಯಾನಿಕಲ್ ಹುಡುಗರು ಪಕ್ಕದಲ್ಲಿ ಕುದುರೆಯೂ ಇರಲಿ, ಬಾಳೆಗಿಡಕ್ಕೆ ಕಟ್ಟಿದ್ದು ಅಂದರು. ಇಸವಿ ಬೇಡ ಅನ್ನೋದಕ್ಕೆ ಮಾತ್ರ ವಿರೋಧ ಇರಲಿಲ್ಲ.

ಓದು ನಡೀತಾ ಇದೆ. ಪ್ರತಿ ಶನಿವಾರ ಲ್ಯಾಬ್ ಮುಗಿದಮೇಲೆ ಲೈಬ್ರರಿ ಹಿಂದಿನ ಮೆಟ್ಟಿಲ ಹತ್ತಿರ. ಈಗ ಒಂದು ಪದ್ಯಕ್ಕೆ ಹನ್ನೆರಡು ನಿಮಿಷ ಸಾಕು. ಯಾವ ಬ್ರಾಂಚಿನವರಾದರೂ ಬನ್ನಿ, ತಡವಾಗಿ ಬಂದರೆ ಎಣ್ಣೆ ಕೊಪ್ಪರಿಗೆ ಇಲ್ಲ. ಕುದುರೆ ಇನ್ನೂ ಭದ್ರಾವತಿ ಬಿಟ್ಟಿಲ್ಲ.